ಸಣ್ಣ ಕಚೇರಿಯ ಆಕ್ಸೆಸ್ ಡೇಟಾಬೇಸಿಗೆ ಬೀಗ ಹಾಕುವುದು ಹೇಗೆ

(ಸಹಕಾರ ಸಂಘ, ಶಾಲೆ, ಕ್ಲಿನಿಕ್ಕುಗಳ ಕಚೇರಿ ಸಿಬ್ಬಂದಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಕಂಪ್ಯೂಟರ್ ಓದಿಕೊಂಡು ಈ ಕೆಲಸಕ್ಕೆ ಬಂದವರಲ್ಲ. ಲೆಕ್ಕ ಬರೆಯಲು, ರಸೀದಿ ಹರಿಯಲು, ದಾಖಲಾತಿ ನೋಡಿಕೊಳ್ಳಲು ಬಂದವರು. ಕಚೇರಿಯಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಮಾಡಿದ ಡೇಟಾಬೇಸ್ ಒಂದಿತ್ತು. ಅದನ್ನು ಮಾಡಿಕೊಟ್ಟವರು ಕೆಲಸ ಬಿಟ್ಟರು. ‘ನಿಮಗೆ ಸ್ವಲ್ಪ ಕಂಪ್ಯೂಟರ್ ಬರುತ್ತಲ್ಲ, ನೀವೇ ನೋಡಿಕೊಳ್ಳಿ’ ಎಂದು ಅದು ನಿಮ್ಮ ಹೆಗಲಿಗೆ ಬಿತ್ತು. ಅದರೊಳಗೆ ಸದಸ್ಯರ ಹೆಸರು, ಫೋನು, ಬ್ಯಾಂಕ್ ಖಾತೆ, ಸಾಲದ ಬಾಕಿ, ಕೆಲವು ಕಡೆ ಆಧಾರ್ ಸಂಖ್ಯೆಯೂ ಇದೆ. ಅದನ್ನು ಕಾಪಾಡಲು ಕೋಡ್ ಬರೆಯಲು ಬರಬೇಕಿಲ್ಲ. ಇವತ್ತು ಹೇಳುವುದೆಲ್ಲ ಮೌಸ್ ಹಿಡಿದು, ಎರಡು ಶನಿವಾರ ಮಧ್ಯಾಹ್ನ ಕುಳಿತರೆ ಮುಗಿಯುವ ಕೆಲಸ.

ಮೊದಲು ಒಂದು ಮಾತು ತಲೆಯಲ್ಲಿ ಗಟ್ಟಿಯಾಗಬೇಕು. ದೊಡ್ಡ ಡೇಟಾಬೇಸುಗಳಲ್ಲಿ ಸರ್ವರ್ ಎನ್ನುವ ಕಾವಲುಗಾರ ಇರುತ್ತಾನೆ. ನೀವು ಕೇಳಿದ್ದನ್ನು ಅವನು ಒಳಗೆ ಹೋಗಿ ತಂದು ಕೊಡುತ್ತಾನೆ, ಕೊಡಬಾರದ್ದನ್ನು ಕೊಡುವುದಿಲ್ಲ. ಆಕ್ಸೆಸ್‌ನಲ್ಲಿ ಆ ಕಾವಲುಗಾರ ಇಲ್ಲ. ಇರುವುದು ಒಂದು ಫೈಲು. ಲೆಡ್ಜರನ್ನು ಮೇಜಿನ ಮೇಲೆ ಇಟ್ಟು ಎಲ್ಲರೂ ಅದರಲ್ಲೇ ಬರೆಯುವ ಹಾಗೆ, ಪ್ರತಿಯೊಬ್ಬರ ಕಂಪ್ಯೂಟರೂ ನೇರವಾಗಿ ಆ ಫೈಲಿಗೇ ಕೈ ಹಾಕುತ್ತದೆ. ಫೈಲಿನ ಹತ್ತಿರ ಹೋಗಬಲ್ಲವರು ಅದನ್ನು ಓದಬಲ್ಲರು, ನಕಲು ಮಾಡಬಲ್ಲರು, ಅಳಿಸಲೂಬಲ್ಲರು.

ಆದರೆ ನಮ್ಮ ಕಚೇರಿಗಳಲ್ಲಿ ಸುರಕ್ಷೆ ಎಂದರೆ ಚಂದದ ಲಾಗಿನ್ ಫಾರ್ಮ್ ಎಂಬ ನಂಬಿಕೆ ಇದೆ. ಹೆಸರು, ಪಾಸ್‌ವರ್ಡ್ ಹಾಕಿದರೆ ಮಾತ್ರ ಮೆನು ಬರುತ್ತದೆ, ಎಡಗಡೆಯ ಟೇಬಲ್‌ಗಳ ಪಟ್ಟಿ ಕಾಣುವುದಿಲ್ಲ. ಆದ್ದರಿಂದ ಭದ್ರ ಎಂದುಕೊಳ್ಳುತ್ತೇವೆ. ಪರದೆಯ ಮೇಲೆ ನೋಡಿ. ಆಕ್ಸೆಸ್ ತೆರೆದು ‘ಬ್ಲ್ಯಾಂಕ್ ಡೇಟಾಬೇಸ್’ ಒತ್ತಿದೆವು. ‘ಎಕ್ಸ್‌ಟರ್ನಲ್ ಡೇಟಾ’, ‘ನ್ಯೂ ಡೇಟಾ ಸೋರ್ಸ್’, ‘ಫ್ರಮ್ ಡೇಟಾಬೇಸ್’, ‘ಆಕ್ಸೆಸ್’. ಲಾಗಿನ್ ಫಾರ್ಮ್ ಇರುವ ಆ ‘ಭದ್ರ’ ಫೈಲನ್ನು ತೋರಿಸಿ, ಕೆಳಗಿನ ಲಿಂಕ್ ಆಯ್ಕೆ ಒತ್ತಿದೆವು. ಒಳಗಿನ ಟೇಬಲ್‌ಗಳೆಲ್ಲ ಪಟ್ಟಿಯಾಗಿ ಬಂದವು. ಲಾಗಿನ್ ಫಾರ್ಮ್ ತೆರೆದುಕೊಳ್ಳಲೇ ಇಲ್ಲ, ಏಕೆಂದರೆ ನಾವು ಆ ಬಾಗಿಲಿಂದ ಒಳಗೆ ಹೋಗಲೇ ಇಲ್ಲ. ಎಕ್ಸೆಲ್‌ನ ‘ಗೆಟ್ ಡೇಟಾ’ದಿಂದಲೂ ಹೀಗೆಯೇ ಎಳೆದುಕೊಳ್ಳಬಹುದು. ಮರೆಮಾಡುವುದು ಬೇರೆ, ಬೀಗ ಹಾಕುವುದು ಬೇರೆ. ಬೀಗ ಬೀಳಬೇಕಾದದ್ದು ಫೈಲು ಇರುವ ಫೋಲ್ಡರಿಗೆ ಮತ್ತು ಫೈಲಿಗೆ.

ಇಲ್ಲೇ ಇನ್ನೊಂದು ವಿಷಯ. ಹೀಗೆ ಬಂದ ಟೇಬಲ್‌ಗಳಲ್ಲಿ ಸಾಮಾನ್ಯವಾಗಿ ‘ಯೂಸರ್ಸ್’ ಎಂಬುದೂ ಇರುತ್ತದೆ; ಅದರಲ್ಲಿ ಸಿಬ್ಬಂದಿಯ ಪಾಸ್‌ವರ್ಡ್‌ಗಳು ಇದ್ದ ಹಾಗೇ ಕಾಣುತ್ತವೆ. ಜನ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸುತ್ತಾರೆ. ನಿಮ್ಮ ಟೇಬಲಿನಿಂದ ಹೊರಬಿದ್ದದ್ದು ಅವರ ಇಮೇಲಿನ ಬೀಗದ ಕೈಯೂ ಆಗಿರಬಹುದು. ನಿಮ್ಮಲ್ಲಿ ಇಂಥ ಟೇಬಲ್ ಇದ್ದರೆ ಪಾಸ್‌ವರ್ಡ್ ಕಾಲಂ ತೆಗೆಯಲು ಇವತ್ತೇ ನಿರ್ಧರಿಸಿ. ಯಾರು ಯಾರೆಂದು ಗುರುತಿಸುವ ಕೆಲಸವನ್ನು ವಿಂಡೋಸ್‌ಗೆ ಬಿಡೋಣ, ಅದು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಕೈ ಹಾಕುವ ಮೊದಲು ಎರಡು ಕೆಲಸ. ಒಂದು, ಎಲ್ಲರೂ ಡೇಟಾಬೇಸ್ ಮುಚ್ಚಿದ ಮೇಲೆ ಫೈಲಿನ ಪೂರ್ತಿ ನಕಲನ್ನು ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ. ಮುಂದೆ ಏನೇ ಕೆಟ್ಟರೂ ಇಲ್ಲಿಗೆ ಹಿಂತಿರುಗಬಹುದು. ಎರಡು, ಫೈಲಿನ ಹೆಸರಿನ ಬಾಲ ನೋಡಿ. ‘ಎಸಿಸಿಡಿಬಿ’ ಇದ್ದರೆ ಅದು 2007ರ ಆಕ್ಸೆಸ್‌ನಿಂದ ಬಂದ ಹೊಸ ರೂಪ. ‘ಎಂಡಿಬಿ’ ಇದ್ದರೆ ಹಳೆಯದು, ಮತ್ತು ಅದರ ಪಾಸ್‌ವರ್ಡ್‌ಗೆ ಬೆಲೆಯಿಲ್ಲ. ಎಂಡಿಬಿಯ ಪಾಸ್‌ವರ್ಡ್ ಫೈಲಿನ ಆರಂಭದಲ್ಲೇ ಸರಳವಾಗಿ ತಿರುಚಿ ಬರೆದಿರುತ್ತದೆ. ಅದನ್ನು ಕ್ಷಣದಲ್ಲಿ ಓದಿ ಹೇಳುವ ಉಚಿತ ಸಾಧನಗಳಿವೆ. ‘ಫೈಲ್’, ‘ಸೇವ್ ಆ್ಯಸ್’ಗೆ ಹೋಗಿ ಎಸಿಸಿಡಿಬಿಗೆ ಬದಲಿಸಿ. ಆಕ್ಸೆಸ್ 97ರ ಕಾಲದ ಫೈಲಾದರೆ 2013 ಮತ್ತು ನಂತರದ ಆವೃತ್ತಿಗಳು ಅದನ್ನು ತೆರೆಯುವುದಿಲ್ಲ. 2007 ಅಥವಾ 2010ರ ಆಕ್ಸೆಸ್ ಇರುವ ಯಂತ್ರ ಹುಡುಕಿ ಅಲ್ಲಿ ಬದಲಿಸಬೇಕು.

ಹೀಗೆ ಬದಲಿಸುವಾಗ ಒಂದು ಅಪಾಯವಿದೆ. ಹಳೆಯ ಎಂಡಿಬಿಗಳಲ್ಲಿ ‘ಇವರಿಗೆ ಈ ಟೇಬಲ್, ಅವರಿಗೆ ಆ ಟೇಬಲ್’ ಎಂದು ಬಳಕೆದಾರರ ಮಟ್ಟದ ಹಕ್ಕು ಕೊಡುವ ವ್ಯವಸ್ಥೆ ಇತ್ತು. ಎಸಿಸಿಡಿಬಿಯಲ್ಲಿ ಅದನ್ನು ಕೈಬಿಡಲಾಗಿದೆ. ಬದಲಿಸಿದ ಕ್ಷಣದಿಂದ ಫೈಲು ತೆರೆಯಬಲ್ಲ ಎಲ್ಲರಿಗೂ ಎಲ್ಲ ಟೇಬಲ್‌ಗಳೂ ಕಾಣುತ್ತವೆ. ಸಂಬಳದ ಟೇಬಲನ್ನು ಈ ವ್ಯವಸ್ಥೆಯಿಂದ ಕಾಪಾಡಿಕೊಂಡಿದ್ದರೆ, ಅದನ್ನು ಮೊದಲು ಬೇರೆ ಫೈಲಿಗೆ, ಬೇರೆ ಫೋಲ್ಡರಿಗೆ ಸಾಗಿಸಿ.

ಈಗ ಒಡೆಯುವ ಕೆಲಸ. ಟೇಬಲ್‌ಗಳು, ಅಂದರೆ ಡೇಟಾ, ಒಂದು ಫೈಲಿನಲ್ಲಿ. ಫಾರ್ಮು, ವರದಿ, ಕ್ವೆರಿಗಳು (ಟೇಬಲ್‌ಗಳಿಂದ ಬೇಕಾದ ಮಾಹಿತಿ ಹೆಕ್ಕಿ ತರುವ ಪ್ರಶ್ನೆಗಳು) ಇನ್ನೊಂದರಲ್ಲಿ. ಮೊದಲನೆಯದನ್ನು ಬ್ಯಾಕ್ ಎಂಡ್, ಎರಡನೆಯದನ್ನು ಫ್ರಂಟ್ ಎಂಡ್ ಎನ್ನುತ್ತೇವೆ. ‘ಡೇಟಾಬೇಸ್ ಟೂಲ್ಸ್’ ಪಟ್ಟಿಯ ‘ಮೂವ್ ಡೇಟಾ’ ಗುಂಪಿನಲ್ಲಿ ‘ಆಕ್ಸೆಸ್ ಡೇಟಾಬೇಸ್’ ಗುಂಡಿ ಒತ್ತಿದರೆ ಒಡೆಯುವ ಮಾಂತ್ರಿಕ, ಅಂದರೆ ಹೆಜ್ಜೆ ಹೆಜ್ಜೆಯಾಗಿ ಕೇಳುತ್ತ ಕೆಲಸ ಮಾಡಿಕೊಡುವ ‘ವಿಜರ್ಡ್’, ಬರುತ್ತದೆ. ಬ್ಯಾಕ್ ಎಂಡನ್ನು ಎಲ್ಲಿ ಉಳಿಸಬೇಕೆಂದು ಕೇಳಿದಾಗ ಝಡ್ ಡ್ರೈವ್, ವೈ ಡ್ರೈವ್ ಎಂಬ ಅಕ್ಷರಗಳ ಮೂಲಕ ಹೋಗಬೇಡಿ. ‘ನೆಟ್‌ವರ್ಕ್’ ಒಳಗಿಂದ ಆ ಕಂಪ್ಯೂಟರಿನ ಹೆಸರು, ಅದರೊಳಗಿನ ಶೇರ್ ಫೋಲ್ಡರ್ ಎಂದು ದಾರಿ ತೋರಿಸಿ. ಒಂದು ಯಂತ್ರದಲ್ಲಿ ಝಡ್ ಆಗಿರುವುದು ಇನ್ನೊಂದರಲ್ಲಿ ವೈ ಆಗಿದ್ದರೆ ಲಿಂಕ್ ಕಡಿದುಹೋಗುತ್ತದೆ. ಮೂಲ ಫೈಲಿಗೆ ಪಾಸ್‌ವರ್ಡ್ ಇದ್ದರೂ ಈ ಮಾಂತ್ರಿಕ ಹುಟ್ಟಿಸುವ ಬ್ಯಾಕ್ ಎಂಡಿಗೆ ಪಾಸ್‌ವರ್ಡ್ ಇರುವುದಿಲ್ಲ, ಇದನ್ನು ಮರೆಯಬೇಡಿ. ‘ಮೊದಲೇ ಹಾಕಿದ್ದೆವಲ್ಲ’ ಎಂದುಕೊಂಡು ಬಿಟ್ಟರೆ ಡೇಟಾ ಬಟ್ಟಬಯಲಾಗಿರುತ್ತದೆ.

ಫ್ರಂಟ್ ಎಂಡಿನ ನಕಲು ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಬೇರೆ ಇರಬೇಕು. ಒಂದೇ ಫ್ರಂಟ್ ಎಂಡನ್ನು ಶೇರ್ ಫೋಲ್ಡರಿನಲ್ಲಿಟ್ಟು ನಾಲ್ಕು ಜನ ತೆರೆಯುವುದು ಫೈಲು ಕೆಡಲು ಎಲ್ಲಕ್ಕಿಂತ ಹತ್ತಿರದ ದಾರಿ.

ಇನ್ನು ಫೋಲ್ಡರಿನ ಬೀಗ. ನಿಮ್ಮ ಇಡೀ ಭದ್ರತೆ ನಿಂತಿರುವುದು ಇದರ ಮೇಲೆ, ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇವೆ. ಅನೇಕ ಕಚೇರಿಗಳಲ್ಲಿ ಎಲ್ಲ ಕಂಪ್ಯೂಟರುಗಳೂ ‘ಅಡ್ಮಿನ್’ ಎಂಬ ಒಂದೇ ಹೆಸರಿನಲ್ಲಿ, ಪಾಸ್‌ವರ್ಡ್ ಇಲ್ಲದೆ ತೆರೆದುಕೊಳ್ಳುತ್ತವೆ. ಎಲ್ಲರೂ ಒಬ್ಬರೇ ಆಗಿದ್ದರೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದು ವಿಂಡೋಸ್‌ಗೆ ಹೇಗೆ ತಿಳಿಯಬೇಕು? ಮೊದಲ ಹೆಜ್ಜೆ, ಪ್ರತಿಯೊಬ್ಬರಿಗೂ ಬೇರೆ ವಿಂಡೋಸ್ ಹೆಸರು, ಬೇರೆ ಪಾಸ್‌ವರ್ಡ್. ಡೊಮೈನ್ (ಎಲ್ಲರ ಖಾತೆಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಸಣ್ಣ ಕಚೇರಿಯಲ್ಲಿ, ಡೇಟಾ ಇಡುವ ಕಂಪ್ಯೂಟರಿನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡಿನ ಖಾತೆಗಳನ್ನು ಮಾಡಬೇಕು. ಎರಡೂ ಕಡೆ ಒಂದೇ ಆಗಿದ್ದರೆ ನೆಟ್‌ವರ್ಕಿನಲ್ಲಿ ಮತ್ತೆ ಕೇಳದೆ ಒಳಗೆ ಬಿಡುತ್ತದೆ.

ಡೇಟಾ ಇಡುವ ಯಂತ್ರದಲ್ಲಿ ವಿಂಡೋಸ್ ಪ್ರೊ ಇದ್ದರೆ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ ತೆರೆದು ‘ಲೋಕಲ್ ಯೂಸರ್ಸ್ ಆ್ಯಂಡ್ ಗ್ರೂಪ್ಸ್’ ಒಳಗೆ ಒಂದು ಗುಂಪು ಮಾಡಿ. ಹೆಸರು ‘ಡೇಟಾ ಬಳಗ’ ಎಂದೇನೋ ಇಡಿ. ಡೇಟಾಬೇಸ್ ಬೇಕಾದವರನ್ನು ಮಾತ್ರ ಅದರಲ್ಲಿ ಸೇರಿಸಿ. ಹೋಮ್ ಆವೃತ್ತಿಯಲ್ಲಿ ಈ ಪುಟ ಇರುವುದಿಲ್ಲ, ಅಲ್ಲಿ ಒಬ್ಬೊಬ್ಬರ ಹೆಸರನ್ನೇ ಸೇರಿಸಬೇಕು. ಗುಂಪು ಇದ್ದರೆ ಅನುಕೂಲ ಏನೆಂದರೆ, ಯಾರಾದರೂ ವರ್ಗವಾಗಿ ಹೋದ ದಿನ ಒಂದು ಕಡೆ ಹೆಸರು ತೆಗೆದರೆ ಸಾಕು.

ಈಗ ಬ್ಯಾಕ್ ಎಂಡ್ ಇರುವ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಸೆಕ್ಯೂರಿಟಿ’, ‘ಅಡ್ವಾನ್ಸ್‌ಡ್’ಗೆ ಹೋಗಿ. ‘ಡಿಸೇಬಲ್ ಇನ್‌ಹೆರಿಟೆನ್ಸ್’ ಒತ್ತಿ. ಎರಡು ಆಯ್ಕೆ ಬರುತ್ತವೆ. ಈಗಿರುವ ಹಕ್ಕುಗಳನ್ನು ಉಳಿಸಿಕೊಂಡು ಬದಲಿಸುವ, ‘ಕನ್ವರ್ಟ್’ ಎಂದು ಶುರುವಾಗುವುದನ್ನು ಆರಿಸಿ. ಇನ್ನೊಂದನ್ನು ಒತ್ತಿದರೆ ಪಟ್ಟಿ ಪೂರ್ತಿ ಖಾಲಿಯಾಗಿ ನೀವೇ ಹೊರಗೆ ಉಳಿಯಬಹುದು. ಪಟ್ಟಿಯಲ್ಲಿ ‘ಸಿಸ್ಟಮ್’ ಮತ್ತು ‘ಅಡ್ಮಿನಿಸ್ಟ್ರೇಟರ್ಸ್’ ಉಳಿಸಿ, ‘ಯೂಸರ್ಸ್’, ‘ಅಥೆಂಟಿಕೇಟೆಡ್ ಯೂಸರ್ಸ್’, ‘ಎವ್ರಿವನ್’ ಇದ್ದರೆ ತೆಗೆಯಿರಿ. ನಿಮ್ಮ ಗುಂಪನ್ನು ಸೇರಿಸಿ ‘ಮಾಡಿಫೈ’ ಹಕ್ಕು ಕೊಡಿ. ‘ಫುಲ್ ಕಂಟ್ರೋಲ್’ ಬೇಡ. ಅದನ್ನು ಪಡೆದವರು ಈ ಪಟ್ಟಿಯನ್ನೇ ತಿದ್ದಬಲ್ಲರು.

ಆಮೇಲೆ ‘ಶೇರಿಂಗ್’ ಪುಟದ ‘ಅಡ್ವಾನ್ಸ್‌ಡ್ ಶೇರಿಂಗ್’, ‘ಪರ್ಮಿಷನ್ಸ್’. ಅಲ್ಲೂ ‘ಎವ್ರಿವನ್’ ತೆಗೆದು ಗುಂಪಿಗೆ ‘ಚೇಂಜ್’ ಮತ್ತು ‘ರೀಡ್’ ಕೊಡಿ. ನೆಟ್‌ವರ್ಕಿನಿಂದ ಬರುವವರಿಗೆ ಈ ಎರಡೂ ಪಟ್ಟಿಗಳು ಅನ್ವಯಿಸುತ್ತವೆ, ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕಕ್ಕೆ ಬರುತ್ತದೆ. ‘ಸೆಕ್ಯೂರಿಟಿಯಲ್ಲಿ ಮಾಡಿಫೈ ಕೊಟ್ಟಿದ್ದೇವೆ, ಆದರೂ ಉಳಿಸಲು ಆಗುತ್ತಿಲ್ಲ’ ಎಂಬ ದೂರು ಬಂದರೆ ಬಹುಪಾಲು ಶೇರಿಂಗ್ ಪಟ್ಟಿಯಲ್ಲಿ ಬರೀ ‘ರೀಡ್’ ಇರುತ್ತದೆ.

ಇಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ಬರೀ ಫೈಲಿಗೆ ಬರೆಯುವ ಹಕ್ಕು ಕೊಟ್ಟು, ಫೋಲ್ಡರಿನಲ್ಲಿ ಹೊಸ ಫೈಲು ಹುಟ್ಟಿಸುವ ಹಕ್ಕು ಕೊಡದೆ ಬಿಡುತ್ತಾರೆ. ಯಾರಾದರೂ ಡೇಟಾಬೇಸ್ ತೆರೆದ ಕೂಡಲೇ ಆಕ್ಸೆಸ್ ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನ, ‘ಎಲ್ಎಸಿಸಿಡಿಬಿ’ ಬಾಲದ ಒಂದು ಪುಟ್ಟ ಫೈಲು ಹುಟ್ಟಿಸುತ್ತದೆ. ಕೊನೆಯವರು ಮುಚ್ಚಿದಾಗ ಅಳಿಸುತ್ತದೆ. ಯಾರು ಯಾವ ದಾಖಲೆ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ ಇದರಲ್ಲಿರುತ್ತದೆ. ಇದು ಹುಟ್ಟದಿದ್ದರೆ ಒಬ್ಬರು ತೆರೆದ ಮೇಲೆ ಇನ್ನೊಬ್ಬರಿಗೆ ತೆರೆಯುವುದಿಲ್ಲ, ಇಲ್ಲವೆ ಓದಲಷ್ಟೇ ತೆರೆಯುತ್ತದೆ. ‘ಮಾಡಿಫೈ’ ಕೊಡಿ ಎಂದದ್ದು ಇದಕ್ಕೇ. ಈ ಪುಟ್ಟ ಫೈಲು ನಿಮಗೂ ಉಪಕಾರಿ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಡೇಟಾಬೇಸ್ ತೆರೆದಿರುವ ಕಂಪ್ಯೂಟರುಗಳ ಹೆಸರು ಓದಬಹುದು. ಬಿಟ್ಟುಹೋದವರ ಹೆಸರೂ ಸ್ವಲ್ಪ ಹೊತ್ತು ಉಳಿದಿರುತ್ತದೆ, ಆದ್ದರಿಂದ ಅದನ್ನು ಹಾಜರಿ ಪುಸ್ತಕ ಎಂದುಕೊಳ್ಳದೆ ಸುಳಿವು ಎಂದುಕೊಳ್ಳಿ.

ಇಷ್ಟಾದರೂ ಗುಂಪಿನೊಳಗಿನ ಯಾರೇ ಆಗಲಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬಲ್ಲರು. ಕಂಪ್ಯೂಟರೇ ಕಳುವಾಗಬಹುದು. ಆಗ ಬೇಕಾಗುವುದು ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಫೈಲಿನ ಒಂದಕ್ಷರವೂ ಓದಲಾಗದಂತೆ ಮಾಡುವುದು.

ಇದಕ್ಕೆ ಫೈಲನ್ನು ಎಕ್ಸ್‌ಕ್ಲೂಸಿವ್ ಆಗಿ, ಅಂದರೆ ಆ ಹೊತ್ತಿಗೆ ಬೇರೆ ಯಾರೂ ತೆರೆಯಲಾಗದಂತೆ, ತೆರೆಯಬೇಕು. ಎರಡು ಬಾರಿ ಕ್ಲಿಕ್ ಮಾಡಿ ತೆರೆದರೆ ಆಗುವುದಿಲ್ಲ. ಆಕ್ಸೆಸ್ ತೆರೆದು ‘ಫೈಲ್’, ‘ಓಪನ್’, ‘ಬ್ರೌಸ್’ಗೆ ಹೋಗಿ, ಬ್ಯಾಕ್ ಎಂಡನ್ನು ಆರಿಸಿ, ‘ಓಪನ್’ ಗುಂಡಿಯ ಪಕ್ಕದ ಪುಟ್ಟ ಬಾಣ ಒತ್ತಿ ‘ಓಪನ್ ಎಕ್ಸ್‌ಕ್ಲೂಸಿವ್’ ಆರಿಸಿ. ನಂತರ ‘ಫೈಲ್’, ‘ಇನ್ಫೋ’, ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’. ಪಾಸ್‌ವರ್ಡ್ ಕೊಟ್ಟ ಮೇಲೆ ‘ರೋ ಲೆವೆಲ್ ಲಾಕಿಂಗ್ ಕಡೆಗಣಿಸಲಾಗುವುದು’ ಎಂಬರ್ಥದ ಸಂದೇಶ ಬರುತ್ತದೆ. ಗಾಬರಿ ಬೇಡ, ‘ಓಕೆ’ ಒತ್ತಿ. ಇನ್ನು ಮುಂದೆ ಆಕ್ಸೆಸ್ ಒಂದೊಂದು ಸಾಲನ್ನು ಲಾಕ್ ಮಾಡುವ ಬದಲು ಅದರ ಸುತ್ತಲಿನ ಪುಟವನ್ನು ಲಾಕ್ ಮಾಡುತ್ತದೆ. ಇಬ್ಬರು ಅಕ್ಕಪಕ್ಕದ ದಾಖಲೆ ತಿದ್ದುವಾಗ ಒಮ್ಮೊಮ್ಮೆ ಕಾಯಬೇಕಾಗಬಹುದು, ಅಷ್ಟೇ. ಅದೇ ಕಾರಣಕ್ಕೆ ‘ಕ್ಲೈಂಟ್ ಸೆಟ್ಟಿಂಗ್ಸ್’ನಲ್ಲಿ ‘ಲೆಗಸಿ ಎನ್‌ಕ್ರಿಪ್ಷನ್’ ಆರಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಬೇಡ. ಅದು ದುರ್ಬಲ. ‘ಡಿಫಾಲ್ಟ್ ಎನ್‌ಕ್ರಿಪ್ಷನ್’ ಇದ್ದ ಹಾಗೇ ಇರಲಿ.

ಪಾಸ್‌ವರ್ಡ್ ಹೇಗಿರಬೇಕು? ಸಂಬಂಧವಿಲ್ಲದ ಮೂರು ಪದ, ನಡುವೆ ಅಂಕಿ. ಹುಣಸೆ, 7, ರಿಕ್ಷಾ, 4, ಕೊಡೆ ಎನ್ನುವಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 18 ಅಕ್ಷರವಾಗುತ್ತದೆ (ಇದನ್ನೇ ಇಡಬೇಡಿ, ಇದು ಎಲ್ಲರಿಗೂ ಗೊತ್ತಾಯಿತು). 20 ಅಕ್ಷರ ದಾಟಬೇಡಿ. ಅದಕ್ಕಿಂತ ಉದ್ದವಾದರೆ ಲಿಂಕ್ ಮಾಡುವಾಗ ತಪ್ಪು ಪಾಸ್‌ವರ್ಡ್ ಎಂದು ತಕರಾರು ಬರುತ್ತದೆ. ಅರ್ಧವಿರಾಮ (;) ಮತ್ತು ಉದ್ಧರಣ ಚಿಹ್ನೆ ಬಳಸಬೇಡಿ, ಲಿಂಕಿನ ಸಾಲಿನಲ್ಲಿ ಅವುಗಳಿಗೆ ಬೇರೆ ಅರ್ಥವಿದೆ.

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಮಾತ್ರ ಇರುವ ಅಪಾಯ ಒಂದಿದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಬರೀ ನಕ್ಷತ್ರ ಕಾಣುತ್ತವೆ. ಆ ಹೊತ್ತಿಗೆ ನುಡಿ ತಂತ್ರಾಂಶ ಚಾಲೂ ಇದ್ದು ಸ್ಕ್ರೋಲ್ ಲಾಕ್ ಕನ್ನಡದ ಕಡೆ ಇದ್ದರೆ, ನೀವು ಒತ್ತಿದ ಕೀಲಿ ಒಂದು, ಒಳಗೆ ಬಿದ್ದ ಅಕ್ಷರ ಇನ್ನೊಂದು. ಎರಡು ಬಾರಿಯೂ ಹಾಗೇ ಒತ್ತಿರುವುದರಿಂದ ಆಕ್ಸೆಸ್ ಒಪ್ಪಿಕೊಳ್ಳುತ್ತದೆ. ಮರುದಿನ ಇಂಗ್ಲಿಷಿನಲ್ಲಿ ಅದೇ ಕೀಲಿ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಹೀಗೆ ಸಿಕ್ಕಿಕೊಂಡರೆ ಗಾಬರಿಯಾಗದೆ ನುಡಿ ಚಾಲೂ ಮಾಡಿ ಅದೇ ಕೀಲಿಗಳನ್ನು ಒತ್ತಿ ನೋಡಿ. ಸಿಕ್ಕಿಕೊಳ್ಳದಿರಲು ನುಡಿ, ಬರಹ ಎರಡನ್ನೂ ಪೂರ್ತಿ ಮುಚ್ಚಿ, ನೋಟ್‌ಪ್ಯಾಡಿನಲ್ಲಿ ಒಮ್ಮೆ ಟೈಪ್ ಮಾಡಿ ಕಣ್ಣಾರೆ ನೋಡಿ, ಉಳಿಸದೆ ಮುಚ್ಚಿ, ಆಮೇಲೆ ಪಾಸ್‌ವರ್ಡ್ ಹಾಕಿ.

ಮರೆತ ಪಾಸ್‌ವರ್ಡನ್ನು ಮೈಕ್ರೋಸಾಫ್ಟ್ ಕೂಡ ಹಿಂತಿರುಗಿಸಲಾರದು. ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿನ ಮೇಲೆ ಇಬ್ಬರ ಸಹಿ ಮಾಡಿಸಿ, ನಗದು ಇಡುವ ತಿಜೋರಿಯಲ್ಲಿಡಿ. ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿ ಬೇಡ.

ಬ್ಯಾಕ್ ಎಂಡಿಗೆ ಪಾಸ್‌ವರ್ಡ್ ಬಿದ್ದ ಮೇಲೆ ಫ್ರಂಟ್ ಎಂಡಿನ ಹಳೆಯ ಲಿಂಕ್‌ಗಳು ಕೆಲಸ ಮಾಡುವುದಿಲ್ಲ. ಬಾಣದ ಗುರುತಿರುವ ಲಿಂಕ್ ಟೇಬಲ್‌ಗಳನ್ನು ಅಳಿಸಿ (ಲಿಂಕ್ ಅಳಿಸಿದರೆ ಡೇಟಾ ಅಳಿಯುವುದಿಲ್ಲ), ‘ಎಕ್ಸ್‌ಟರ್ನಲ್ ಡೇಟಾ’ದಿಂದ ಮತ್ತೆ ಲಿಂಕ್ ಮಾಡಿ. ಆಗ ಒಮ್ಮೆ ಪಾಸ್‌ವರ್ಡ್ ಕೇಳುತ್ತದೆ. ಮುಂದೆ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂದು ಯೋಚಿಸಿದ್ದೀರಾ? ಪರದೆ ನೋಡಿ. ನ್ಯಾವಿಗೇಷನ್ ಪೇನ್, ಅಂದರೆ ಎಡಗಡೆಯ ಆ ಪಟ್ಟಿ, ಅದರ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್, ‘ನ್ಯಾವಿಗೇಷನ್ ಆಪ್ಷನ್ಸ್’, ‘ಶೋ ಸಿಸ್ಟಮ್ ಆಬ್ಜೆಕ್ಟ್ಸ್’ಗೆ ಟಿಕ್. ಈಗ ‘ಎಂಸಿಸ್ಆಬ್ಜೆಕ್ಟ್ಸ್’ ಎಂಬ ಟೇಬಲ್ ಕಾಣುತ್ತದೆ. ಅದನ್ನು ತೆರೆದು ‘ಕನೆಕ್ಟ್’ ಕಾಲಂ ಅಗಲ ಮಾಡಿ. ‘ಪಿಡಬ್ಲ್ಯೂಡಿ’ ಎಂದು ಬರೆದು, ಸಮ ಚಿಹ್ನೆಯ ಮುಂದೆ ನಿಮ್ಮ ಬ್ಯಾಕ್ ಎಂಡಿನ ಪಾಸ್‌ವರ್ಡ್ ಅಕ್ಷರ ಅಕ್ಷರ ಕಾಣುತ್ತಿದೆ. ತಿಜೋರಿಯ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೇ ತೂಗುಹಾಕಿದ ಹಾಗಾಯಿತು.

ಪರಿಹಾರ ಸರಳ. ಫ್ರಂಟ್ ಎಂಡಿಗೂ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ. ಅದು ಬ್ಯಾಕ್ ಎಂಡಿನದಕ್ಕಿಂತ ಬೇರೆ ಇರಲಿ. ಸಿಬ್ಬಂದಿ ಬೆಳಿಗ್ಗೆ ಟೈಪ್ ಮಾಡುವುದು ಇದನ್ನು ಮಾತ್ರ. ಹೊರಗಿನವರು ಫ್ರಂಟ್ ಎಂಡನ್ನು ಕದ್ದರೂ ಲಿಂಕಿನ ಸಾಲು ಓದಲಾರರು. ಆದರೆ ದಿನವೂ ಫ್ರಂಟ್ ಎಂಡ್ ತೆರೆಯುವವರು ಮನಸ್ಸು ಮಾಡಿದರೆ ಬ್ಯಾಕ್ ಎಂಡಿನ ಪಾಸ್‌ವರ್ಡ್ ಕಂಡುಕೊಳ್ಳಬಲ್ಲರು. ಆಕ್ಸೆಸ್‌ನಲ್ಲಿ ಇದನ್ನು ಪೂರ್ತಿ ತಡೆಯಲಾಗದು. ಆದ್ದರಿಂದ ಯಾರನ್ನು ಗುಂಪಿಗೆ ಸೇರಿಸುತ್ತೀರಿ ಎಂಬುದೇ ನಿಮ್ಮ ಮುಖ್ಯ ನಿರ್ಧಾರ. ಒಬ್ಬರು ಕೆಲಸ ಬಿಟ್ಟರೆ ಅಂದೇ ಅವರ ವಿಂಡೋಸ್ ಖಾತೆ ನಿಲ್ಲಿಸಿ. ಅದೇ ವಾರ ‘ಡೀಕ್ರಿಪ್ಟ್’ ಮಾಡಿ ಹೊಸ ಪಾಸ್‌ವರ್ಡಿನಿಂದ ಮತ್ತೆ ಎನ್‌ಕ್ರಿಪ್ಟ್ ಮಾಡಿ, ಲಿಂಕ್‌ಗಳನ್ನು ಹೊಸದಾಗಿ ಮಾಡಿ, ಫ್ರಂಟ್ ಎಂಡ್ ಹಂಚಿ. ಅರ್ಧ ದಿನದ ಕೆಲಸ. ತಪ್ಪಿಸಬೇಡಿ.

ಫ್ರಂಟ್ ಎಂಡಿನಲ್ಲಿ ಮಾಡುವ ಉಳಿದ ಕೆಲಸಗಳು ಕೈತಪ್ಪಿ ಆಗುವ ಹಾನಿಯನ್ನು ತಡೆಯುತ್ತವೆ, ಕಳ್ಳರನ್ನಲ್ಲ. ಆದರೂ ಮಾಡಿ, ಏಕೆಂದರೆ ಸಣ್ಣ ಕಚೇರಿಯಲ್ಲಿ ಡೇಟಾ ಹಾಳಾಗುವುದು ಹೆಚ್ಚಾಗಿ ತಪ್ಪು ಜಾಗದಲ್ಲಿ ಡಿಲೀಟ್ ಒತ್ತಿದ್ದರಿಂದ. ‘ಆಪ್ಷನ್ಸ್’ನ ‘ಕರೆಂಟ್ ಡೇಟಾಬೇಸ್’ ಪುಟದಲ್ಲಿ ಆರಂಭದ ಫಾರ್ಮ್ ಆರಿಸಿ, ‘ಡಿಸ್‌ಪ್ಲೇ ನ್ಯಾವಿಗೇಷನ್ ಪೇನ್’ ಟಿಕ್ ತೆಗೆಯಿರಿ. ‘ಯೂಸ್ ಆಕ್ಸೆಸ್ ಸ್ಪೆಷಲ್ ಕೀಸ್’ ಟಿಕ್ಕನ್ನೂ ತೆಗೆಯಿರಿ. ಬರಹ ಬಳಸುವವರು ಕನ್ನಡ-ಇಂಗ್ಲಿಷ್ ಬದಲಿಸಲು ಎಫ್11 ಒತ್ತುತ್ತಾರೆ. ಆಕ್ಸೆಸ್‌ನಲ್ಲಿ ಅದೇ ಕೀಲಿ ಟೇಬಲ್‌ಗಳ ಪಟ್ಟಿಯನ್ನು ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ. ಫೈಲು ತೆರೆಯುವಾಗ ಶಿಫ್ಟ್ ಹಿಡಿದರೆ ಈ ಎಲ್ಲ ಏರ್ಪಾಡೂ ದಾಟಿಹೋಗುತ್ತದೆ. ಅದನ್ನು ತಡೆಯಲು ಕೋಡ್ ಬೇಕು. ಅದರ ಹಿಂದೆ ಬಿದ್ದು ಹೊತ್ತು ಕಳೆಯಬೇಡಿ, ಅಷ್ಟು ಹೊತ್ತನ್ನು ಫೋಲ್ಡರಿನ ಹಕ್ಕು ಮತ್ತೊಮ್ಮೆ ನೋಡಲು ಬಳಸಿ.

‘ಸೇವ್ ಆ್ಯಸ್’ ಒಳಗೆ ‘ಮೇಕ್ ಎಸಿಸಿಡಿಇ’ ಎಂಬ ಆಯ್ಕೆ ಇದೆ. ಅದರಿಂದ ಬರುವ ಫೈಲಿನಲ್ಲಿ ಫಾರ್ಮು, ವರದಿಗಳ ವಿನ್ಯಾಸ ತಿದ್ದಲಾಗದು, ಕೋಡ್ ಓದಲಾಗದು. ಟೇಬಲ್ ಮತ್ತು ಕ್ವೆರಿಗಳಿಗೆ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಸಿಬ್ಬಂದಿಗೆ ಎಸಿಸಿಡಿಇ ಹಂಚಿ, ಮೂಲ ಎಸಿಸಿಡಿಬಿಯನ್ನು ನಿಮ್ಮ ಹತ್ತಿರ ಜೋಪಾನವಾಗಿಡಿ. ಮೂಲ ಕಳೆದರೆ ಮುಂದೆ ಒಂದು ಫಾರ್ಮನ್ನೂ ತಿದ್ದಲಾರಿರಿ. 32 ಬಿಟ್ ಆಫೀಸಿನಲ್ಲಿ ಮಾಡಿದ ಎಸಿಸಿಡಿಇ 64 ಬಿಟ್‌ನಲ್ಲಿ ತೆರೆಯುವುದಿಲ್ಲ ಎಂಬುದೂ ನೆನಪಿರಲಿ.

ಹಳದಿ ಪಟ್ಟಿಯ ‘ಎನೇಬಲ್ ಕಂಟೆಂಟ್’ ಬಗ್ಗೆ ಒಂದು ಮಾತು. ದಿನವೂ ಅದನ್ನು ಒತ್ತಿ ಒತ್ತಿ ಸಿಬ್ಬಂದಿಗೆ ಅಭ್ಯಾಸವಾಗಿದೆ. ಇಮೇಲಿನಲ್ಲಿ ಬಂದ ವಿಷದ ಫೈಲಿಗೂ ಹಾಗೇ ಒತ್ತುತ್ತಾರೆ. ಪ್ರತಿ ಕಂಪ್ಯೂಟರಿನಲ್ಲಿ ಫ್ರಂಟ್ ಎಂಡಿಗೆಂದೇ ಒಂದು ಫೋಲ್ಡರ್ ಮಾಡಿ, ‘ಟ್ರಸ್ಟ್ ಸೆಂಟರ್’ನ ‘ಟ್ರಸ್ಟೆಡ್ ಲೊಕೇಷನ್ಸ್’ನಲ್ಲಿ ಅದೊಂದನ್ನೇ ಸೇರಿಸಿ. ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಇಡೀ ಸಿ ಡ್ರೈವ್ ಸೇರಿಸಬೇಡಿ. ಆಮೇಲೆ ನಿಮ್ಮ ಡೇಟಾಬೇಸಿಗೆ ಹಳದಿ ಪಟ್ಟಿ ಬರುವುದೇ ಇಲ್ಲ. ಸಿಬ್ಬಂದಿಗೆ ಒಂದೇ ಸಾಲು ಹೇಳಿಕೊಡಿ: ಹಳದಿ ಪಟ್ಟಿ ಬಂದರೆ ಅದು ನಮ್ಮ ಫೈಲಲ್ಲ, ಒತ್ತದೆ ನನ್ನನ್ನು ಕರೆಯಿರಿ.

ಬ್ಯಾಕಪ್. ಸಂಜೆ ಎಲ್ಲರೂ ಮುಚ್ಚಿದ ಮೇಲೆ, ಆ ಎಲ್ಎಸಿಸಿಡಿಬಿ ಫೈಲು ಮಾಯವಾಗಿದೆಯೇ ನೋಡಿ, ಆಮೇಲೆ ಬ್ಯಾಕ್ ಎಂಡ್ ನಕಲು ಮಾಡಿ. ಅದು ಇನ್ನೂ ಕಾಣುತ್ತಿದ್ದರೆ ಯಾರೋ ತೆರೆದಿಟ್ಟು ಹೋಗಿದ್ದಾರೆ. ಆಗ ಮಾಡಿದ ನಕಲು ಅರ್ಧ ಬರೆದ ಸ್ಥಿತಿಯಲ್ಲಿರಬಹುದು. ನಕಲಿನ ಹೆಸರಿಗೆ ತಾರೀಕು ಸೇರಿಸಿ, ಹಳೆಯದರ ಮೇಲೆ ಬರೆಯಬೇಡಿ. ಎರಡು ಹೊರ ಡಿಸ್ಕ್ ಇಟ್ಟುಕೊಂಡು ವಾರ ಬಿಟ್ಟು ವಾರ ಬದಲಿಸಿ, ಒಂದು ಯಾವಾಗಲೂ ಕಚೇರಿಯ ಹೊರಗಿರಲಿ. ನಕಲು ಮುಗಿದ ಕೂಡಲೇ ಡಿಸ್ಕಿನ ತಂತಿ ಕಿತ್ತಿಡಿ, ಏಕೆಂದರೆ ಹಣ ಕೇಳುವ ವೈರಸ್ ಬಂದರೆ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಒಂದು ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ರಸೀದಿ ಸಂಖ್ಯೆಯನ್ನು ರಸೀದಿ ಪುಸ್ತಕದ ಜತೆ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಚಾಲ್ತಿಯಲ್ಲಿರುವ ಬ್ಯಾಕ್ ಎಂಡನ್ನು ಒನ್‌ಡ್ರೈವ್, ಗೂಗಲ್ ಡ್ರೈವ್ ಫೋಲ್ಡರಿನಲ್ಲಿ ಇಡಲೇಬೇಡಿ. ಅವು ಇಡೀ ಫೈಲನ್ನು ಮೇಲೆ ಕೆಳಗೆ ಸಾಗಿಸುತ್ತವೆ. ಇಬ್ಬರು ಒಟ್ಟಿಗೆ ಬರೆದರೆ ಒಬ್ಬರ ಬರಹ ಹೋಗುತ್ತದೆ, ಇಲ್ಲವೆ ಎರಡು ಬೇರೆ ಫೈಲುಗಳಾಗುತ್ತವೆ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ ಅಲ್ಲಿಡಬಹುದು. ವೈ-ಫೈ ಕೂಡ ಬೇಡ, ತಂತಿ ಎಳೆಸಿ. ಬರೆಯುವ ನಡುವೆ ಸಂಪರ್ಕ ಕಡಿದರೆ ಫೈಲು ಕೆಡುತ್ತದೆ.

ತಿಂಗಳಿಗೊಮ್ಮೆ, ಬ್ಯಾಕಪ್ ತೆಗೆದ ಮೇಲೆ, ಬ್ಯಾಕ್ ಎಂಡಿಗೆ ‘ಕಾಂಪ್ಯಾಕ್ಟ್ ಆ್ಯಂಡ್ ರಿಪೇರ್’ ಮಾಡಿ. ಆಕ್ಸೆಸ್ ಫೈಲಿನ ಮಿತಿ 2 ಜಿಬಿ, ಅದರ ಹತ್ತಿರ ಹೋಗದಂತೆ ಇದು ನೋಡಿಕೊಳ್ಳುತ್ತದೆ. ಇದಕ್ಕಿಂತ ಮುಖ್ಯ ಕಾರಣ, ನೀವು ಅಳಿಸಿದ ದಾಖಲೆ ಕಾಂಪ್ಯಾಕ್ಟ್ ಮಾಡುವವರೆಗೂ ಫೈಲಿನೊಳಗೆ ಉಳಿದಿರಬಹುದು.

ಅಳಿಸುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಇಟ್ಟುಕೊಳ್ಳದ ಮಾಹಿತಿ ಕಳುವಾಗುವುದಿಲ್ಲ. ಆಧಾರ್‌ನ 12 ಅಂಕಿಗಳೂ ನಿಮಗೆ ನಿಜವಾಗಿ ಬೇಕೇ? ಗುರುತಿಗಷ್ಟೇ ಆದರೆ ಕೊನೆಯ 4 ಸಾಕು. ಮಾಸ್ಕ್ ಮಾಡಿದ, ಅಂದರೆ ಉಳಿದ ಅಂಕಿ ಮರೆಮಾಡಿದ, ಆಧಾರ್‌ನಲ್ಲಿ ಅದನ್ನು ಕೊಡುವ ಪ್ರಾಧಿಕಾರವಾದ ಯುಐಡಿಎಐ ತೋರಿಸುವುದೂ ಅಷ್ಟನ್ನೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಮಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಎನ್‌ಕ್ರಿಪ್ಷನ್, ಮಾಸ್ಕಿಂಗ್, ಪ್ರವೇಶ ನಿಯಂತ್ರಣ, ಬ್ಯಾಕಪ್‌ಗಳನ್ನು ಹೆಸರು ಹಿಡಿದೇ ಹೇಳಿವೆ. ಕಾನೂನಿನ ಭಯಕ್ಕಿಂತ ದೊಡ್ಡದು, ಸಾಲದ ಬಾಕಿ ಊರಿಗೆಲ್ಲ ಗೊತ್ತಾದ ರೈತನ ಸಂಕಟ. ಅವನು ನಂಬಿದ್ದು ನಿಮ್ಮನ್ನು.

ಆಫೀಸ್ 2016, 2019 ಮತ್ತು ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮುಂದಿನ ಬಜೆಟ್ಟಿನಲ್ಲಿ ಹೊಸ ಆವೃತ್ತಿಗಳಿಗೆ ಹಣ ಕೇಳಿ. ಡೇಟಾ ಇರುವ ಯಂತ್ರಕ್ಕೆ ಬಿಟ್‌ಲಾಕರ್ (ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಸೌಲಭ್ಯ) ಹಾಕಿ, ಅದರ 48 ಅಂಕಿಯ ರಿಕವರಿ ಕೀಯನ್ನು ಅದೇ ಲಕೋಟೆಯ ಜತೆಗಿಡಿ. ಶಾಖೆಗಳಿಂದ ಇಂಟರ್ನೆಟ್ ಮೂಲಕ ಬಳಸಬೇಕು, ಅಥವಾ ಒಂದೇ ಡೇಟಾದಲ್ಲಿ ಇವರಿಗೆ ಈ ಟೇಬಲ್ ಮಾತ್ರ ಎಂದು ಕಟ್ಟುನಿಟ್ಟು ಮಾಡಬೇಕು ಎಂಬ ಸ್ಥಿತಿ ಬಂದರೆ ಆಕ್ಸೆಸ್‌ನ ಮಿತಿ ಮುಟ್ಟಿದಿರಿ ಎಂದು ಅರ್ಥ. ಆಗ ಟೇಬಲ್‌ಗಳನ್ನು ಎಸ್‌ಕ್ಯೂಎಲ್ ಸರ್ವರ್ ಎಂಬ, ಕಾವಲುಗಾರ ಇರುವ ಡೇಟಾಬೇಸಿನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಗೆ ಸಾಗಿಸಿ, ಫಾರ್ಮುಗಳನ್ನು ಆಕ್ಸೆಸ್‌ನಲ್ಲೇ ಉಳಿಸಿಕೊಳ್ಳಬಹುದು. ಅದಕ್ಕೆ ಬಲ್ಲವರನ್ನು ಕರೆಸಿ.

ಎಲ್ಲ ಮುಗಿದ ಮೇಲೆ ಹೊರಗಿನವರಂತೆ ನಿಂತು ಪರೀಕ್ಷಿಸಿ. ಗುಂಪಿನಲ್ಲಿಲ್ಲದ ಒಬ್ಬರ ಕಂಪ್ಯೂಟರಿನಿಂದ ಶೇರ್ ಫೋಲ್ಡರ್ ತೆರೆಯಿರಿ. ‘ಆಕ್ಸೆಸ್ ಡಿನೈಡ್’ ಬರಬೇಕು. ಗುಂಪಿನಲ್ಲಿರುವವರ ಯಂತ್ರದಿಂದ ಖಾಲಿ ಡೇಟಾಬೇಸ್ ತೆರೆದು ಬ್ಯಾಕ್ ಎಂಡಿಗೆ ಲಿಂಕ್ ಮಾಡಲು ಹೋಗಿ, ಪಾಸ್‌ವರ್ಡ್ ಕೇಳಬೇಕು. ಇಬ್ಬರು ಒಟ್ಟಿಗೆ ತೆರೆದು ಒಂದೊಂದು ರಸೀದಿ ಹಾಕಿ, ಎರಡೂ ಉಳಿಯಬೇಕು.

ಕೊನೆಗೆ ಹಳೆಯ ನಕಲುಗಳ ಬೇಟೆ. ಈ ಬೀಗಗಳೆಲ್ಲ ಇವತ್ತಿನ ಫೈಲಿಗೆ. ಆದರೆ ‘ಸದಸ್ಯರು ಹಳೆಯದು’, ‘ಫೈನಲ್ 2’, ‘ಆಡಿಟ್‌ಗೆ ಕೊಟ್ಟದ್ದು’ ಎಂಬ ಬೀಗವಿಲ್ಲದ ನಕಲುಗಳು ಎಲ್ಲ ಕಂಪ್ಯೂಟರುಗಳ ಡೆಸ್ಕ್‌ಟಾಪಿನಲ್ಲಿ, ಪೆನ್‌ಡ್ರೈವುಗಳಲ್ಲಿ, ಇಮೇಲಿನ ಸೆಂಟ್ ಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ. ಒಂದೊಂದು ಯಂತ್ರದಲ್ಲೂ ಎಕ್ಸ್‌ಪ್ಲೋರರಿನ ಹುಡುಕು ಪೆಟ್ಟಿಗೆಯಲ್ಲಿ ನಕ್ಷತ್ರ, ಚುಕ್ಕಿ, ಎಸಿಸಿಡಿಬಿ ಎಂದು ಹಾಕಿ ಹುಡುಕಿ. ಆಮೇಲೆ ಎಂಡಿಬಿಗೂ ಹಾಗೇ. ಡೇಟಾಬೇಸಿನಿಂದ ಎಕ್ಸೆಲ್‌ಗೆ ತೆಗೆದ ಪಟ್ಟಿಗಳನ್ನೂ ಬಿಡಬೇಡಿ. ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ನಿಜವಾಗಿ ಬೇಕಾದ ಒಂದನ್ನು ಬಿಗಿ ಮಾಡಿದ ಫೋಲ್ಡರಿಗೆ ಸಾಗಿಸಿ, ಉಳಿದವನ್ನು ಶಿಫ್ಟ್ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿ, ಹಾಳೆಯಲ್ಲಿ ಆ ಸಾಲಿನ ಮುಂದೆ ತಾರೀಕು ಹಾಕಿ ಸಹಿ ಮಾಡಿ.